ರಾಹುವಿಗೆ ಕೆಲಸವಿಲ್ಲದ ಲೆಕ್ಕ

(ಓದುಗರ ಪ್ರಶ್ನೆಗಳಿಗೆ ವಿಜಯಪುರದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿಯೊಬ್ಬರ ಉತ್ತರ)

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ದೇವರನ್ನೂ ವಿಜ್ಞಾನವನ್ನೂ ಒಂದೇ ಉಸಿರಿನಲ್ಲಿ ಕೇಳುತ್ತವೆ. ಎರಡಕ್ಕೆ ಚಿಕ್ಕದಾಗಿ ಉತ್ತರಿಸಿ, ಉಳಿದ ಜಾಗವನ್ನೆಲ್ಲ ಮೂರನೆಯದಕ್ಕೆ ಕೊಡುತ್ತಿದ್ದೇನೆ. ಆ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ: ರಾಕೆಟ್ ಹಾರಿಸುವ ವಿಜ್ಞಾನಿಗಳೇ ತಿರುಪತಿಗೆ ಹೋಗಿ ಅದರ ಮಾದರಿಯನ್ನು ದೇವರ ಮುಂದೆ ಇಟ್ಟು ಬರುತ್ತಾರೆ. ವಿಜ್ಞಾನವೂ ಕೊನೆಗೆ ದೇವರಿಗೆ ತಲೆಬಾಗಿತು ಎಂದು ಹೇಳಬಹುದಲ್ಲವೆ? (ಓದುಗರು, ಗೋಕಾಕ)

ತಲೆಬಾಗಿದವರು ವಿಜ್ಞಾನಿಗಳು. ವಿಜ್ಞಾನಕ್ಕೆ ಬಾಗಿಸಲು ತಲೆಯೇ ಇಲ್ಲ. ಚಂದ್ರಯಾನ-2 ಹೊರಡುವ ಮುಂಚೆಯೂ ತಿರುಪತಿಗೆ ಹೋಗಿದ್ದರು, ಚಂದ್ರಯಾನ-3 ಹೊರಡುವ ಮುಂಚೆಯೂ ಹೋಗಿದ್ದರು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಮೊದಲನೆಯದರ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. 2023ರ ಆಗಸ್ಟ್ 23ರಂದು ಎರಡನೆಯದು ಮೆತ್ತಗೆ ಇಳಿಯಿತು. ನಡುವಿನ ನಾಲ್ಕು ವರ್ಷ ಆ ಜನ ಏನು ಮಾಡಿದರು ಎಂಬುದನ್ನು ನೋಡಿ. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ತಳ್ಳಿದ್ದವು, ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡಿದ್ದವು. ಅದನ್ನು ಹುಡುಕಿ ತೆಗೆದರು. ಐದು ಎಂಜಿನ್‌ಗಳಲ್ಲಿ ನಡುವಿನ ಒಂದನ್ನು ಕೈಬಿಟ್ಟರು, ಕಾಲುಗಳನ್ನು ಬಲಪಡಿಸಿದರು, ಇಂಧನ ಹೆಚ್ಚಿಸಿದರು. ಅರ್ಧ ಕಿಲೋಮೀಟರ್ ಉದ್ದಗಲದ ಇಳಿದಾಣದ ಬದಲು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರಿನಷ್ಟು ಅಗಲದ ಜಾಗ ಗೊತ್ತುಮಾಡಿಕೊಂಡರು. ಕಳೆದ ಸಲ ಅರ್ಚನೆಯಲ್ಲಿ ಏನು ಲೋಪವಾಗಿತ್ತು ಎಂದು ಯಾರೂ ತನಿಖೆ ಮಾಡಲಿಲ್ಲ. ದೇವರಲ್ಲಿ ನಂಬಿಕೆಯಿದ್ದ ವಿಜ್ಞಾನಿಯೂ ಆ ತನಿಖೆಯನ್ನು ಕೇಳಲಿಲ್ಲ. ಅವರ ಭಕ್ತಿಯ ಬಗ್ಗೆ ನನಗೆ ಗೌರವ ಮೂಡುವುದು ಇಲ್ಲಿಯೇ.

ಪ್ರಶ್ನೆ: ಮಹಾಸ್ಫೋಟದಿಂದ ವಿಶ್ವ ಹುಟ್ಟಿತು ಎಂದು ಪುಸ್ತಕದಲ್ಲಿದೆ. ಹುಟ್ಟು ಇದೆ ಎಂದ ಮೇಲೆ ಹುಟ್ಟಿಸಿದವನೂ ಇರಬೇಕಲ್ಲವೆ? ಇದು ದೇವರಿಗೆ ವಿಜ್ಞಾನವೇ ಕೊಟ್ಟ ಸಾಕ್ಷಿ ಎನ್ನಬಹುದೆ? (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜಯಪುರ)

ಮಗಳೇ, ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲವರು ಒಬ್ಬರಿದ್ದರು. ಬೆಲ್ಜಿಯಂ ದೇಶದ ಜಾರ್ಜ್ ಲೆಮೇತ್ರ್. ಅವರು ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಸಮೀಕರಣಗಳಿಂದ ತೋರಿಸಿದರು. 1931ರಲ್ಲಿ, ಎಲ್ಲವೂ ಒಂದು ಆದಿಮ ಪರಮಾಣುವಿನಿಂದ ಹೊರಟಿರಬೇಕು ಎಂದರು. ನೀನು ಓದುವ ಮಹಾಸ್ಫೋಟದ ಬೀಜ ಅದು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು, ಸೃಷ್ಟಿಯ ಮಾತಿಗೆ ಈ ಸಿದ್ಧಾಂತ ಬೆಂಬಲ ಕೊಡುತ್ತದೆ ಎಂಬರ್ಥದಲ್ಲಿ ಭಾಷಣ ಮಾಡಿದರು. ತನ್ನ ಧರ್ಮದ ಅತಿ ಹಿರಿಯ ಗುರುವೇ ತನ್ನ ಸಿದ್ಧಾಂತವನ್ನು ಎತ್ತಿ ಹಿಡಿದಾಗ ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಲೆಮೇತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗೆ ನಿಲ್ಲುತ್ತದೆ, ದೇವರನ್ನು ಒಪ್ಪುವವನೂ ಒಪ್ಪದವನೂ ಅದನ್ನು ಸಮಾನವಾಗಿ ಬಳಸಬಹುದು ಎಂಬುದು ಅವರ ನಿಲುವಾಗಿತ್ತು.

1380 ಕೋಟಿ ವರ್ಷಗಳ ಹಿಂದಿನ ಒಂದು ಸ್ಥಿತಿಯ ಮೇಲೆ ದೇವರನ್ನು ನಿಲ್ಲಿಸಿದರೆ, ನಾಳೆ ಆ ಸಿದ್ಧಾಂತವನ್ನು ಯಾರಾದರೂ ತಿದ್ದಿದಾಗ ದೇವರನ್ನೂ ತಿದ್ದಬೇಕಾಗುತ್ತದೆ. ಪಾದ್ರಿಯಾಗಿದ್ದ ಅವರಿಗೆ ಆ ಅಪಾಯ ಕಾಣಿಸಿತ್ತು. ನೀನು ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದಷ್ಟು ಬರೆ. ಪ್ರಾರ್ಥನೆಯನ್ನು ಉತ್ತರಪತ್ರಿಕೆಯ ಹೊರಗೆ ಮಾಡಿಕೊ.

ಪ್ರಶ್ನೆ: ಅಕ್ಕನವರೇ, ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಗ್ರಹಣದ ಹಿಂದಿನ ದಿನ ಒಂಬತ್ತನೆಯ ತರಗತಿಯಲ್ಲಿ ಚೆಂಡು, ಟಾರ್ಚ್ ಹಿಡಿದು ಭೂಮಿಯ ನೆರಳು ಚಂದ್ರನ ಮೇಲೆ ಹೇಗೆ ಬೀಳುತ್ತದೆ ಎಂದು ತೋರಿಸಿದೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು, "ಸರ್, ನೀವು ವಿಭೂತಿ ಹಚ್ಚಿಕೊಂಡಿದ್ದೀರಿ. ನೀವು ನಂಬುವುದು ದೇವರನ್ನೋ, ಈ ಟಾರ್ಚನ್ನೋ?" ಎಂದು ಕೇಳಿದಳು. ನಾನು ಗಂಟೆಯ ಕಡೆ ನೋಡಿ ತಪ್ಪಿಸಿಕೊಂಡೆ. "ಎಲ್ಲ ವಿಜ್ಞಾನವೂ ನಮ್ಮ ಶಾಸ್ತ್ರಗಳಲ್ಲೇ ಇದೆ, ಎರಡೂ ಒಂದೇ ಎಂದು ಹೇಳಿಬಿಡಿ" ಎನ್ನುತ್ತಾರೆ ಹಿರಿಯ ಸಹೋದ್ಯೋಗಿ. "ವಿಭೂತಿ ಒರೆಸಿಕೊ, ಇಲ್ಲದಿದ್ದರೆ ಸೀಮೆಸುಣ್ಣ ಕೆಳಗಿಡು" ಎನ್ನುತ್ತಾನೆ ಗೆಳೆಯ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಗ್ರಹಣದ ರಾತ್ರಿ ಮನೆಯಲ್ಲಿ ಎಂದಿನಂತೆ ನಿಯಮಗಳನ್ನು ಪಾಲಿಸಿದೆವು. ಆರು ತಿಂಗಳ ಗರ್ಭಿಣಿಯಾದ ನನ್ನ ಹೆಂಡತಿಯನ್ನು ತಾಯಿಯವರು ಒಳಕೋಣೆಯಲ್ಲಿ ಮಲಗಿಸಿದ್ದರು. ವಿಜ್ಞಾನವನ್ನೂ ದೇವರ ಮೇಲಿನ ನಂಬಿಕೆಯನ್ನೂ ಹೊಂದಿಸಲು ಸಾಧ್ಯವೆ? ಆ ಹುಡುಗಿಗೆ ನಾನು ಏನು ಹೇಳಲಿ? (ಹೆಸರು ಬೇಡ ಎಂದಿದ್ದಾರೆ)

ಮಾಸ್ತರರೇ, ನಿಮ್ಮ ಪತ್ರ ನಾಲ್ಕು ಪುಟವಿತ್ತು. ಇಲ್ಲಿ ಮೊಟಕು ಮಾಡಿದ್ದೇನೆ. ನಾಲ್ಕು ಪುಟಗಳಲ್ಲಿ ನಿಮ್ಮ ಹೆಂಡತಿಗೆ ಸಿಕ್ಕಿದ್ದು ಒಂದೇ ಸಾಲು. ನನ್ನ ಉತ್ತರ ಆ ಸಾಲಿನಿಂದಲೇ ಆರಂಭವಾಗಬೇಕು.

ಆ ಒಳಕೋಣೆ ನನಗೆ ಗೊತ್ತು. 1980ರ ಫೆಬ್ರುವರಿ 16ರಂದು ನಮ್ಮ ಭಾಗದಲ್ಲಿ ದೊಡ್ಡ ಸೂರ್ಯಗ್ರಹಣವಾಯಿತು. ಪೂರ್ಣಗ್ರಹಣದ ಪಟ್ಟಿ ಅಂಕೋಲಾ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ದೇಶದ ಖಗೋಳ ವಿಜ್ಞಾನಿಗಳು ಹುಬ್ಬಳ್ಳಿಯ ಹತ್ತಿರವೂ ರಾಯಚೂರು ಜಿಲ್ಲೆಯಲ್ಲೂ ದುರ್ಬೀನು ಹೂಡಿಕೊಂಡು ಕುಳಿತಿದ್ದರು. ನಾನು ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಬೆಳಕಿನ ಪಾಠ ಮಾಡುತ್ತಿದ್ದ ಉಪನ್ಯಾಸಕಿ. ಬಸ್ ಹಿಡಿದರೆ ಅರ್ಧ ದಿನದ ದಾರಿ. ಆದರೆ ನನಗೆ ಆಗ ಏಳು ತಿಂಗಳು. ಅತ್ತೆಯವರು ಕಿಟಕಿಗೆ ಕಂಬಳಿ ಇಳಿಬಿಟ್ಟು, ಕೈಗೆ ಸಿಗದಂತೆ ಚಾಕು, ಸೂಜಿ ಎಲ್ಲ ಎತ್ತಿಟ್ಟು, ನನ್ನನ್ನು ನೆಟ್ಟಗೆ ಮಲಗಿಸಿದರು. ಮೈ ಕೆರೆದುಕೊಳ್ಳಬಾರದು, ಮಗ್ಗುಲು ಬದಲಿಸಬಾರದು, ನೀರು ಕುಡಿಯಬಾರದು. ನಾನು ಒಂದು ಮಾತೂ ಆಡದೆ ಮಲಗಿದೆ. ಯಜಮಾನರು ಹೊರಗೆ ಪಡಸಾಲೆಯಲ್ಲಿದ್ದರು. ಅವರೂ ಪದವೀಧರರೇ. ಅವರೂ ಒಂದು ಮಾತಾಡಲಿಲ್ಲ.

ಮೂರೂವರೆ ದಾಟಿದಾಗ ಬೀದಿಯ ಸದ್ದೆಲ್ಲ ಅಡಗಿತು. ಕಂಬಳಿಯಲ್ಲಿ ನುಸಿ ತಿಂದ ಒಂದು ಸಣ್ಣ ತೂತಿತ್ತು, ಕಿಟಕಿ ಪಡುವಣಕ್ಕಿತ್ತು. ಎದುರಿನ ಗೋಡೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆಯನ್ನು ನೋಡಿದೆ. ಅದು ದುಂಡಗಿರಲಿಲ್ಲ. ಬಿದಿಗೆಯ ಚಂದ್ರನಂತೆ ಬಾಗಿತ್ತು. ಸೂಜಿರಂಧ್ರ ಕ್ಯಾಮೆರಾ! ನಾನು ಅದೇ ವರ್ಷ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಿದ್ದ ಚಿತ್ರ. ವಿಜಯಪುರದಲ್ಲಿ ಸೂರ್ಯನ ತೆಳು ಅಂಚೊಂದು ಉಳಿದಿತ್ತು, ಆ ಅಂಚು ತಲೆಕೆಳಗಾಗಿ ನನ್ನ ಗೋಡೆಯ ಮೇಲೆ ಬಂದಿತ್ತು. ಅದು ಮೆಲ್ಲಗೆ ದಪ್ಪವಾಗುತ್ತಾ ಹೋಗುವುದನ್ನು ಒಣಗಿದ ಗಂಟಲಿನಲ್ಲಿ ಮಲಗಿ ನೋಡಿದೆ, ಕಣ್ಣೀರಿಟ್ಟೆ. ಯಾರಿಗೂ ಹೇಳಲಿಲ್ಲ. ದಕ್ಷಿಣದಲ್ಲಿ ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಹಗಲಿನಲ್ಲಿ ಕತ್ತಲಾಗಿ ಸೂರ್ಯನ ಪ್ರಭಾವಲಯ ಕಂಡಿತು ಎಂದು ಮರುದಿನ ಪತ್ರಿಕೆಯಲ್ಲಿ ಓದಿದೆ. ನನ್ನ ಜೀವಮಾನದಲ್ಲಿ ಮನೆಯ ಇಷ್ಟು ಹತ್ತಿರ ಅಂಥದ್ದು ಮತ್ತೆ ಬರಲಿಲ್ಲ. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, ಚೆನ್ನಾಗಿ ಹುಟ್ಟಿದಳು. "ಕೋಣೆಯಲ್ಲಿ ಮಲಗಿದ್ದಕ್ಕೇ" ಎಂದರು ಅತ್ತೆಯವರು. ಆಗಲೂ ನಾನು ಸುಮ್ಮನಿದ್ದೆ. ಆ ಮೌನವನ್ನು ಇಂದಿಗೂ ನಾನು ಕ್ಷಮಿಸಿಕೊಂಡಿಲ್ಲ.

ಈಗ ನಿಮ್ಮ ಮನೆಯ ಲೆಕ್ಕ. ಆ ರಾತ್ರಿ 9 ಗಂಟೆ 57 ನಿಮಿಷಕ್ಕೆ ನೆರಳು ಚಂದ್ರನ ಅಂಚನ್ನು ಮುಟ್ಟಿತು, 1 ಗಂಟೆ 26 ನಿಮಿಷಕ್ಕೆ ಬಿಟ್ಟಿತು. ಮೂರೂವರೆ ಗಂಟೆ. ಅದಕ್ಕೂ ಮುಂಚೆ ಊಟ ಬಿಡುವ ವೇಧೆಯ ಹೊತ್ತನ್ನೂ ಕೂಡಿಸಿದರೆ ಇನ್ನೂ ಹೆಚ್ಚು. ಇದಕ್ಕೆ ಕೊಡುವ ಕಾರಣ ನಿಮಗೆ ಗೊತ್ತಿದೆ: ಮಗುವಿನ ತುಟಿ ಸೀಳುತ್ತದೆ. ಮಾಸ್ತರರೇ, ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಬಾಯಿಯೊಳಗಿನ ಅಂಗುಳ ಕೂಡುವುದು ಆರರಿಂದ ಒಂಬತ್ತನೆಯ ವಾರದಲ್ಲಿ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಾತ್ರಿಯಾಗುವ ಹೊತ್ತಿಗೆ ಆ ಕೆಲಸ ಮುಗಿದೇ ಹೋಗಿರುತ್ತದೆ. ಆರು ತಿಂಗಳ ಮಗುವಿನ ತುಟಿಯನ್ನು ಸೀಳಲು ಯಾವ ನೆರಳಿಗೂ ಸಾಧ್ಯವಿಲ್ಲ. ಬಾಯಾರಿದ ತಾಯಿಗೆ ಮಾತ್ರ ಆ ರಾತ್ರಿ ನಿಜವಾಗಿಯೂ ಏನೋ ಆಯಿತು. ಹಿಂದಿನ ದಿನ ಮೂವತ್ತು ನಲವತ್ತು ಮಕ್ಕಳ ಮುಂದೆ ಟಾರ್ಚ್ ಹಿಡಿದಿದ್ದ ನೀವು, ಒಂದು ಲೋಟ ನೀರು ಹಿಡಿದು ಆ ಕೋಣೆಗೆ ಹೋಗಲಿಲ್ಲ.

ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಹಣೆಯ ವಿಭೂತಿಯಲ್ಲಿ ನನಗೆ ಯಾವ ತಕರಾರೂ ಕಾಣುತ್ತಿಲ್ಲ ಎಂದು ಹೇಳಲು ಬರೆಯುತ್ತಿದ್ದೇನೆ. ಗೆಳೆಯ ನಿಮ್ಮ ಹಣೆಯನ್ನು ನೋಡುತ್ತಿದ್ದಾನೆ. ಜಗಳ ಇರುವುದು ಒಳಕೋಣೆಯಲ್ಲಿ.

ಹಿರಿಯ ಸಹೋದ್ಯೋಗಿಯ ಮಾತನ್ನು ನೋಡೋಣ. ಶಾಸ್ತ್ರದಲ್ಲೇ ಎಲ್ಲ ಇದೆ ಎನ್ನುವವರಿಗೆ ನಮ್ಮ ಶಾಸ್ತ್ರಕಾರರು ಏನು ಬರೆದರು ಎಂಬುದನ್ನು ಓದುವ ತಾಳ್ಮೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಭಾಸ್ಕರಾಚಾರ್ಯರು 1114ರಲ್ಲಿ ಹುಟ್ಟಿದವರು. ತಮ್ಮ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಎನ್ನುವವರೂ ಇದ್ದಾರೆ. ಊರಿನ ಅಭಿಮಾನದಿಂದ ತೀರ್ಪು ಕೊಡುವ ವಿಷಯ ಇದಲ್ಲ. ಗಣಿತದ ಗ್ರಂಥ ಲೀಲಾವತಿಯನ್ನು ಗಣೇಶನಿಗೆ ನಮಿಸಿ ಆರಂಭಿಸಿದ ಆಸ್ತಿಕರು ಅವರು. ಗ್ರಹಣ ಎಂದರೆ ನೆರಳು ಎಂದು ಆರ್ಯಭಟ 499ರಲ್ಲೇ ಹೇಳಿದ್ದ. 1150ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರರು ರಾಹುವನ್ನು ಕಟಕಟೆಗೆ ತಂದು ನಿಲ್ಲಿಸುತ್ತಾರೆ. ಚಂದ್ರಗ್ರಹಣ ಚಂದ್ರನ ಪೂರ್ವದ ಅಂಚಿನಿಂದ ಹಿಡಿಯುತ್ತದೆ, ಸೂರ್ಯಗ್ರಹಣ ಸೂರ್ಯನ ಪಶ್ಚಿಮದ ಅಂಚಿನಿಂದ. ನುಂಗುವವನು ಒಬ್ಬನೇ ಆದರೆ ದಿಕ್ಕು ಬೇರೆ ಬೇರೆ ಯಾಕೆ? ಸೂರ್ಯಗ್ರಹಣ ಒಂದು ಊರಿನಲ್ಲಿ ಕಂಡು ಇನ್ನೊಂದು ಊರಿನಲ್ಲಿ ಕಾಣದಿರುವುದು ಯಾಕೆ? ಈ ವಾದದ ಮುಂದೆ ರಾಹು ನಿಲ್ಲಲಾರ. ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು.

ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಪುರಾಣದ ಮಾತು ಸುಳ್ಳಾಗಬಾರದಲ್ಲ! ಅದಕ್ಕಾಗಿ, ದೇವರ ವರದಿಂದ ಕತ್ತಲೆಯ ರೂಪದ ರಾಹು ಭೂಮಿಯ ನೆರಳಿನೊಳಗೆ ಹೊಕ್ಕು ಚಂದ್ರನನ್ನು ಮುಚ್ಚುತ್ತಾನೆ, ಹೀಗೆಂದರೆ ಯಾವ ಆಗಮಕ್ಕೂ ವಿರೋಧವಿಲ್ಲ ಎಂದು ಸೇರಿಸುತ್ತಾರೆ. ಹೊಂದಾಣಿಕೆ ಮಾಡಬೇಕು ಎಂದು ನೀವು ಕೇಳುತ್ತೀರಲ್ಲ, ಎಂಟುನೂರು ವರ್ಷಗಳಿಗೂ ಹಿಂದೆ ಒಬ್ಬ ಮಹಾ ಬುದ್ಧಿವಂತರು ಮಾಡಿದ ಹೊಂದಾಣಿಕೆ ಇದು. ನನಗೆ ಇದನ್ನು ಓದಿದಾಗಲೆಲ್ಲ ದುಃಖವಾಗುತ್ತದೆ. ನೆರಳಿನೊಳಗೆ ಕುಳಿತ ಆ ರಾಹುವನ್ನು ತೆಗೆದುಹಾಕಿ, ಲೆಕ್ಕದಲ್ಲಿ ಒಂದು ವಿಕಲೆಯೂ ಬದಲಾಗುವುದಿಲ್ಲ. ಅವನಿಗೆ ಅಲ್ಲಿ ಕೆಲಸವಿಲ್ಲ. ಯಾರ ಸಮಾಧಾನಕ್ಕೋ ಕುರ್ಚಿ ಕೊಟ್ಟು ಕೂರಿಸಿದ್ದಾರೆ. ಕೂರಿಸಿದ ಆ ರಾಹುವೇ ಮಾಸ್ತರರೇ, ಇಷ್ಟು ಶತಮಾನ ಕಳೆದ ಮೇಲೂ ನಿಮ್ಮ ಮನೆಯ ಒಳಕೋಣೆಯ ಬಾಗಿಲು ಹಾಕಿಸಿದ್ದು. ಪಂಚಾಂಗ ಗ್ರಹಣದ ಗಳಿಗೆಯನ್ನು ಕೊಡುವುದು ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಬಿಂದುಗಳನ್ನು ಲೆಕ್ಕ ಹಾಕಿ. ರಾಹು, ಕೇತು ಎಂದು ಅಲ್ಲಿ ಕರೆಯುವುದು ಆ ಬಿಂದುಗಳನ್ನೇ. ಹೊತ್ತು ತಿಳಿಯಲು ಗಣಿತ, ಹೆದರಲು ಪುರಾಣ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ.

ವಿಭೂತಿಯಲ್ಲಿ ಔಷಧೀಯ ಗುಣವಿದೆ, ಗಂಟೆಯ ನಾದದಲ್ಲಿ ಕಂಪನ ಚಿಕಿತ್ಸೆಯಿದೆ ಎಂದು ಮೊಬೈಲಿನಲ್ಲಿ ಬರುವ ಮಾತುಗಳೂ ಇದೇ ಜಾತಿಯವು. ಬೆವರು ಹೀರಲೆಂದು ವಿಭೂತಿ ಹಚ್ಚಿಕೊಳ್ಳುವುದಾದರೆ ಅಂಗಡಿಯ ಪೌಡರ್ ಸಾಕು. ನಿಮ್ಮ ಅಜ್ಜ ಅದಕ್ಕಾಗಿ ಹಚ್ಚಿಕೊಂಡಿರಲಿಲ್ಲ. ಎಲ್ಲವೂ ಬೂದಿಯಾಗುತ್ತದೆ ಎಂದು ಬೆಳಿಗ್ಗೆ ಎದ್ದು ತನಗೆ ತಾನೇ ನೆನಪಿಸಿಕೊಳ್ಳಲು ಹಚ್ಚಿಕೊಂಡರು. ಅದಕ್ಕೆ ಪ್ರಯೋಗಾಲಯದ ಪ್ರಮಾಣಪತ್ರ ತಂದುಕೊಟ್ಟರೆ ಅಜ್ಜನಿಗೂ ಅವಮಾನ, ಪ್ರಯೋಗಾಲಯಕ್ಕೂ ಅವಮಾನ. ಅಂದ ಹಾಗೆ, ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೇ ತೊಡೆದುಹಾಕಿದ ಶರಣರ ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ವಿಭೂತಿ ಹಚ್ಚಿಕೊಂಡೇ ಅವರು ಆ ಕೆಲಸ ಮಾಡಿದರು.

ಗೆಳೆಯನ ಮಾತೂ ನನಗೆ ಅವಸರದ್ದಾಗಿ ಕಾಣುತ್ತದೆ. 1979ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೂವರು ಹಂಚಿಕೊಂಡರು. ಅವರಲ್ಲಿ ಅಬ್ದುಸ್ ಸಲಾಂ ಶ್ರದ್ಧಾವಂತ ಮುಸ್ಲಿಂ. ಪ್ರಶಸ್ತಿಯ ಔತಣಕೂಟದಲ್ಲಿ ಕುರಾನಿನ ಸಾಲುಗಳನ್ನು ಹೇಳಿದವರು. ಸ್ಟೀವನ್ ವೈನ್‌ಬರ್ಗ್ ದೇವರನ್ನು ಒಪ್ಪದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಇಬ್ಬರೂ ಬೇರೆ ಬೇರೆಯಾಗಿ ಕೆಲಸ ಮಾಡಿ ತಲುಪಿದ್ದು ಒಂದೇ ಸಿದ್ಧಾಂತಕ್ಕೆ. ನಂಬಿದವನ ಸಮೀಕರಣದಲ್ಲಿ ದೇವರ ಚಿಹ್ನೆ ಇರಲಿಲ್ಲ, ನಂಬದವನ ಸಮೀಕರಣದಲ್ಲಿ ಏನೂ ಕೊರತೆಯಾಗಿರಲಿಲ್ಲ.

ಹಾಗಾದರೆ ನಂಬಿಕೆಗೆ ಎಲ್ಲಿಯವರೆಗೆ ಹೋಗಲು ಬಿಡಬೇಕು? ನನಗೆ ಇದನ್ನು ಕಲಿಸಿದವಳು ಅಕ್ಷರ ಬಾರದ ನನ್ನ ತಾಯಿ.

ನಮ್ಮದು ಡೋಣಿ ನದಿಯ ದಂಡೆಯ ಹಳ್ಳಿ, ಎರೆ ಭೂಮಿ. 1964ರ ಮಳೆಗಾಲದಲ್ಲಿ ನನ್ನ ತಮ್ಮ, ಒಂಬತ್ತು ವರ್ಷದವನು, ನೆಲದ ಮೇಲೆ ಕಂಬಳಿ ಹಾಸಿ ಮಲಗಿದ್ದ. ನಸುಕಿನಲ್ಲಿ ಹೊಟ್ಟೆನೋವು ಎಂದು ಎದ್ದ. ಸ್ವಲ್ಪ ಹೊತ್ತಿಗೆ ರೆಪ್ಪೆಗಳು ಜೋತುಬಿದ್ದವು, ಗುಟುಕು ನೀರೂ ಇಳಿಯದಾಯಿತು. ಮೈಮೇಲೆ ಗಾಯವಿರಲಿಲ್ಲ. ಗಾಳಿ ಸೋಕಿದೆ ಎಂದರು ಹಿರಿಯರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಲಗಿಸಿ, ಬೇವಿನ ಸೊಪ್ಪಿನಿಂದ ಇಳಿತೆಗೆದು, ದಾರ ಕಟ್ಟಿದರು. ಅವನು ನಿದ್ದೆ ಮಾಡುತ್ತಿರುವಂತೆ ಕಾಣುತ್ತಿದ್ದ. ಮಧ್ಯಾಹ್ನಕ್ಕೆ ಉಸಿರು ನಿಂತಿತು. ಅದು ಕಟ್ಟುಹಾವಿನ ಕಡಿತ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಬ್ಬ ವೈದ್ಯರು ವಿವರಿಸಿದಾಗ. ಆ ಹಾವು ಕಡಿದರೆ ನೋವಿರುವುದಿಲ್ಲ, ಗುರುತೂ ಕಾಣದೆ ಹೋಗಬಹುದು. ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ, ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರು. ಪ್ರಜ್ಞೆ ಮಾತ್ರ ಇರುತ್ತದೆ. ಅಂದರೆ ಆ ಕಟ್ಟೆಯ ಮೇಲೆ ಅವನಿಗೆ ಎಲ್ಲ ಕೇಳಿಸುತ್ತಿತ್ತು.

ತಾಯಿ ಹನುಮಪ್ಪನಿಗೆ ದೀಪ ಹಚ್ಚುವುದನ್ನು ಬಿಡಲಿಲ್ಲ. ಆದರೆ ಏಳು ವರ್ಷಗಳ ನಂತರ ನೆರೆಮನೆಯ ಹುಡುಗನಿಗೆ ಹೊಲದಲ್ಲಿ ಹಾವು ಕಡಿದಾಗ, ಗುಡಿಯ ಮಾತು ಯಾರ ಬಾಯಿಂದಲೂ ಹೊರಡುವ ಮುಂಚೆ ತಾನೇ ನಿಂತು ಬಂಡಿ ಹೂಡಿಸಿ ವಿಜಯಪುರದ ಆಸ್ಪತ್ರೆಗೆ ಕಳಿಸಿದಳು. ಹುಡುಗ ಉಳಿದ. ಅವನು ಮನೆಗೆ ಬಂದ ದಿನ ಹನುಮಪ್ಪನಿಗೆ ಕಾಯಿ ಒಡೆಸಿದಳು. ಕಾಲೇಜು ಓದುತ್ತಿದ್ದ ನಾನು ಸಿಟ್ಟಿನಿಂದ ಕೇಳಿದೆ, "ಉಳಿಸಿದವರು ಯಾರವ್ವಾ? ಡಾಕ್ಟರೋ, ಹನುಮಪ್ಪನೋ?" ಅವಳು ಹೇಳಿದ ಮಾತು ಇದು: "ಉಳಿಸಿದ್ದು ಸೂಜಿ. ಕಾಯಿ ಒಡೆಸಿದ್ದು ನನ್ನ ಎದೆ ತುಂಬಿ ಬಂದಿತ್ತು, ಅದಕ್ಕೆ. ಹನುಮಪ್ಪನಿಗೆ ನಾನು ಡಾಕ್ಟರನ ಕೆಲಸ ಹೇಳುವುದಿಲ್ಲ. ಒಮ್ಮೆ ಹೇಳಿ ಮಗನನ್ನು ಕಳೆದುಕೊಂಡಿದ್ದೇನೆ."

ಆ ಸೂಜಿಯಲ್ಲಿ ಇರುವುದೇನು ಎಂಬುದನ್ನು ನಿಮ್ಮ ಮಕ್ಕಳಿಗೆ ಹೇಳಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ಹಾವುಗಳ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಶುದ್ಧಮಾಡಿ ತೆಗೆದದ್ದು. ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿದೆಯೇ ಎಂದು ತಿಳಿಯಲು ವೈದ್ಯರು ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ಬಗ್ಗಿಸಿ ನೋಡುತ್ತಾರೆ. ಎಷ್ಟು ಸರಳ, ಎಷ್ಟು ಪ್ರಾಮಾಣಿಕ! ಮಂತ್ರ ಹಾಕುವವರಿಗೆ ಹೆಸರು ಬರುವುದು ಯಾಕೆಂದರೆ ಹೆಚ್ಚಿನ ಹಾವುಗಳಲ್ಲಿ ವಿಷವೇ ಇಲ್ಲ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಬದುಕಿದವನು ಊರೂರು ಹೇಳಿಕೊಂಡು ತಿರುಗುತ್ತಾನೆ. ನನ್ನ ತಮ್ಮ ಏನೂ ಹೇಳಲು ಉಳಿಯಲಿಲ್ಲ. ಹಾವು, ಚೇಳು, ನಾಯಿ ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಈಗ ನಮ್ಮ ರಾಜ್ಯದಲ್ಲಿ ಅಪರಾಧ. 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ.

ಅಂದಿನಿಂದ ನಾನು ಯಾವ ನಂಬಿಕೆಯನ್ನು ಕಂಡರೂ ಕೇಳುವ ಪ್ರಶ್ನೆ ಒಂದೇ: ಇದರ ಬೆಲೆಯನ್ನು ಯಾರು ತೆರುತ್ತಾರೆ? ತನ್ನ ನಂಬಿಕೆಗಾಗಿ ತಾನು ಉಪವಾಸವಿರುವವನನ್ನು ನಾನು ತಡೆಯುವುದಿಲ್ಲ. ಇನ್ನೊಬ್ಬರ ಗಂಟಲು ಒಣಗಿಸುವವನನ್ನು ತಡೆಯುತ್ತೇನೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಕಲಬುರಗಿಯ ಕಡೆ ಅಂಗವಿಕಲ ಮಕ್ಕಳನ್ನು, ವಾಸಿಯಾಗಲಿ ಎಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಆ ತಾಯಂದಿರು ಕೆಟ್ಟವರಲ್ಲ, ಸೋತವರು. ಆದರೆ ಮಣ್ಣಿನಲ್ಲಿ ಅಳುತ್ತಿದ್ದವರು ಮಕ್ಕಳು. ಸವದತ್ತಿ ಗುಡ್ಡದ ಕಡೆ, ತಲೆಗೂದಲು ಜಡೆಗಟ್ಟಿದ್ದು ಎಲ್ಲಮ್ಮನ ಕರೆ ಎಂದು ಎಷ್ಟು ಹುಡುಗಿಯರ ಬಾಳನ್ನು ಮುತ್ತು ಕಟ್ಟಿ, ದೇವದಾಸಿ ಮಾಡಿ ಮುಗಿಸಿದರು! ತೊಳೆಯದ, ಬಾಚದ ಕೂದಲು ಗಂಟುಗಟ್ಟುತ್ತದೆ. ಕತ್ತರಿಯಿಂದ ತೆಗೆದರೆ ದೇವಿ ಮುನಿಯುವುದಿಲ್ಲ. ಜಗತ್ತಿನಲ್ಲಿ ಇಂಥದ್ದು ನಡೆಯುತ್ತದೆ ಎಂದು ನಂಬಿಕೆ ಹೇಳಿದೊಡನೆ ಅದು ಪರೀಕ್ಷೆಗೆ ಕೂರಬೇಕು. ಕೂರದೆ ಇನ್ನೊಬ್ಬರ ದೇಹವನ್ನು ಕೇಳುವ ನಂಬಿಕೆಯ ಜೊತೆ ವಿಜ್ಞಾನಕ್ಕೆ ಯಾವ ರಾಜಿಯೂ ಸಾಧ್ಯವಿಲ್ಲ, ಆಗಲೂಬಾರದು.

"ಹಾಗಿದ್ದರೆ ನಿಮ್ಮ ದೇವರಿಗೂ ಕೆಲಸವಿಲ್ಲವಲ್ಲ, ರಾಹುವಿನಂತೆ ಅವನನ್ನೂ ತೆಗೆದುಹಾಕಿ" ಎಂದು ನಿಮ್ಮ ಗೆಳೆಯ ಕೇಳುತ್ತಾನೆ. ಕೇಳಲಿ. ರಾಹು ಬಂದದ್ದು ಗ್ರಹಣಕ್ಕೆ ಕಾರಣ ಹೇಳಲು. ಬೇರೆ ಕಾರಣ ಸಿಕ್ಕಿದ ಮೇಲೆ ಅವನು ಎದ್ದು ಹೋಗಬೇಕಿತ್ತು. ನಾನು ಯಾವುದಕ್ಕೂ ಕಾರಣ ಹೇಳಲು ದೇವರನ್ನು ಕರೆದಿಲ್ಲ. ನಮ್ಮ ತಂದೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು ಪೂಜಿಸಿ, ಸಜ್ಜೆಯ ರೊಟ್ಟಿ, ಕಡಬು, ಪಲ್ಲೆ ಎಲ್ಲ ಕಲಸಿಕೊಂಡು ಹೊಲದ ಸುತ್ತ ಕೂಗುತ್ತಾ ಚರಗ ಚೆಲ್ಲುತ್ತಿದ್ದರು. ಬೇಸಿಗೆಯುದ್ದಕ್ಕೂ ಗೊಬ್ಬರ ಹೇರುತ್ತಿದ್ದವರೂ ಅವರೇ. ಚರಗವಿದೆ ಎಂದು ಒಂದು ಬಂಡಿ ಗೊಬ್ಬರ ಕಡಿಮೆ ಮಾಡಲಿಲ್ಲ, ಗೊಬ್ಬರವಿದೆ ಎಂದು ಒಂದು ವರ್ಷವೂ ಚರಗ ತಪ್ಪಿಸಲಿಲ್ಲ. ನಾನು ಈಗಲೂ ಆ ದಿನ ಹೊಲಕ್ಕೆ ಹೋಗುತ್ತೇನೆ. ಬಿಳಿಜೋಳದ ನಡುವೆ ನಿಂತು ಒಂದು ಹಿಡಿ ಚೆಲ್ಲಿದಾಗ, ನನ್ನ ಮುಂದೆ ಯಾರೋ ಇದ್ದಾರೆ, ಅವರಿಗೆ ನಾನು ಋಣಿ ಎಂಬ ಭಾವ ಮೈತುಂಬುತ್ತದೆ. ಇಳುವರಿಯ ಲೆಕ್ಕಕ್ಕೆ ಅದು ಸೇರುವುದಿಲ್ಲ. ಅದು ಪುರಾವೆಯೂ ಅಲ್ಲ, ನಿಮ್ಮ ಗೆಳೆಯ ಒಪ್ಪಬೇಕಾಗಿಯೂ ಇಲ್ಲ. ಸೋಮವಾರದ ಉಪವಾಸವನ್ನು ಮೂವತ್ತು ವರ್ಷ ಮಾಡಿದೆ. ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ಬೇಡವೆಂದರು, ಬಿಟ್ಟೆ. ಸಿದ್ಧೇಶ್ವರನ ಗುಡಿಗೆ ಊಟ ಮಾಡಿಯೇ ಹೋಗುತ್ತೇನೆ. ನನ್ನ ಭಕ್ತಿ ಒಂದು ಎಳೆಯಷ್ಟೂ ತೆಳುವಾಗಿಲ್ಲ.

ಆ ಹುಡುಗಿಗೆ ನಿಜವನ್ನೇ ಹೇಳಿ. "ಟಾರ್ಚನ್ನು ನಂಬಬೇಕಾಗಿಲ್ಲ ಮಗಳೇ, ಚೆಂಡನ್ನು ಸರಿಸಿ ನೀನೇ ನೋಡು. ದೇವರನ್ನು ನಾನು ನಂಬುತ್ತೇನೆ, ಅದನ್ನು ನಿನಗೆ ತೋರಿಸಲು ಬರುವುದಿಲ್ಲ, ನೀನೂ ನಂಬು ಎಂದು ಹೇಳುವುದೂ ಇಲ್ಲ" ಎನ್ನಿ. ಗ್ರಹಣದ ರಾತ್ರಿ ನೀವು ಏನು ಮಾಡಿದಿರಿ ಎಂದು ಕೇಳಿದರೆ ಅದನ್ನೂ ಹೇಳಿ. ಮಕ್ಕಳು ತಪ್ಪು ಒಪ್ಪಿಕೊಂಡ ಮಾಸ್ತರನನ್ನು ಬಿಟ್ಟುಕೊಡುವುದಿಲ್ಲ.

ಅದಕ್ಕೂ ಮೊದಲು ಮನೆಯಲ್ಲಿ ಮಾತಾಡಿ. ತಾಯಿಯವರ ಮೇಲೆ ರೇಗಬೇಡಿ. ಆ ಕೋಣೆಯಲ್ಲಿ ಅವರೂ ಒಮ್ಮೆ ಮಲಗಿದ್ದವರು, ಅವರ ಅತ್ತೆಯೂ ಮಲಗಿದ್ದವರು. ಮೊಮ್ಮಗುವಿನ ತುಟಿಯ ಬಗ್ಗೆ ಅವರಿಗಿದ್ದ ಹೆದರಿಕೆ ನಿಜವಾದದ್ದು. ತುಟಿ ಯಾವ ವಾರದಲ್ಲಿ ಕೂಡಿಕೊಳ್ಳುತ್ತದೆ ಎಂಬುದನ್ನು ಅವರ ಪಕ್ಕದಲ್ಲಿ ಕುಳಿತು, ಚಿತ್ರ ಬಿಡಿಸಿ ಹೇಳಿ. ಅಂಥ ಮಗು ಹುಟ್ಟಿದರೂ ಇಂದು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಾರೆ, ಅದು ಯಾರ ಪಾಪವೂ ಅಲ್ಲ ಎಂಬುದನ್ನೂ ಹೇಳಿ. ಹೆಂಡತಿಗೆ ಏನು ಹೇಳಬೇಕೆಂದು ನಾನು ಹೇಳಿಕೊಡಲಾರೆ. ನಮ್ಮ ಯಜಮಾನರು ಆ ಮಾತನ್ನು ನನಗೆ ಹೇಳಲು ಹನ್ನೊಂದು ವರ್ಷ ತೆಗೆದುಕೊಂಡರು.

2026ರ ಮಾರ್ಚ್ 3, ಹೋಳಿ ಹುಣ್ಣಿಮೆ. ಅಂದು ಮತ್ತೆ ಚಂದ್ರಗ್ರಹಣವಿದೆ. ನಮ್ಮ ಕಡೆ ಚಂದ್ರ ಮೂಡುವಾಗಲೇ ಒಂದು ಮಗ್ಗುಲು ಕಪ್ಪಾಗಿರುತ್ತದೆ, ಸಂಜೆ 6 ಗಂಟೆ 47 ನಿಮಿಷಕ್ಕೆ ನೆರಳು ಪೂರ್ತಿ ಬಿಡುತ್ತದೆ. ಸಿಗುವುದು ಕೆಲವೇ ನಿಮಿಷ, ಮೂಡಣ ದಿಕ್ಕು ತೆರೆದಿರಬೇಕು. ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ವಾದ್ಯದ ಸದ್ದು ಆಗ ಜೋರಾಗಿರುತ್ತದೆ. ಅಷ್ಟರಲ್ಲಿ ನಿಮ್ಮ ಮಗುವಿಗೆ ಮೂರು ತಿಂಗಳಾಗಿರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಮನೆಯ ಮಾಳಿಗೆಗೆ ಕರೆಯಿರಿ, ನಿಮ್ಮ ಹೆಂಡತಿ ಮಗುವನ್ನು ಎತ್ತಿಕೊಂಡು ಮೊದಲು ಹತ್ತಲಿ. ಚಂದ್ರನನ್ನು ಬರಿಗಣ್ಣಿನಿಂದ ನೋಡಬಹುದು, ಅಪಾಯವೇನೂ ಇಲ್ಲ. ತಾಯಿಯವರೂ ಮೆಟ್ಟಿಲು ಹತ್ತಿ ಬಂದರೆ ನನಗೆ ಒಂದು ಕಾರ್ಡು ಬರೆಯಿರಿ.